ಆ ಚೆಂಡು ಹತ್ತು ವರ್ಷ ಬೀಳುತ್ತಲೇ ಇತ್ತು

2016ರ ಜನವರಿಯ ಒಂದು ಭಾನುವಾರ. ಬ್ರಿಸ್ಬೇನ್‌ನ ನಮ್ಮ ಕನ್ನಡದ ಗೆಳೆಯರೆಲ್ಲ ಮಕ್ಕಳನ್ನು ಕರೆದುಕೊಂಡು ಪಾರ್ಕಿನಲ್ಲಿ ಸೇರಿದ್ದೆವು. ಒಂದು ಕಡೆ ಚಿತ್ರಾನ್ನ, ಮೊಸರನ್ನದ ಡಬ್ಬಿಗಳು. ಇನ್ನೊಂದು ಕಡೆ ದೊಡ್ಡವರು ಚಿಕ್ಕವರು ಸೇರಿಕೊಂಡು ಟೆನಿಸ್ ಬಾಲ್ ಕ್ರಿಕೆಟ್. ಗೆಳೆಯರೊಬ್ಬರ ಮಗ, ಹತ್ತು ವರ್ಷದ ಹುಡುಗ, ದೂರದಲ್ಲಿ ಮರದ ಹತ್ತಿರ ಫೀಲ್ಡಿಂಗ್‌ಗೆ ನಿಂತಿದ್ದ. ಅವನ ಕಡೆಗೆ ಒಂದು ಸುಲಭದ ಕ್ಯಾಚ್ ಹೋಯಿತು. ಎರಡೂ ಕೈ ಚಾಚಿದ. ಚೆಂಡು ಎದೆಗೆ ಬಡಿದು ಕೆಳಗೆ ಬಿತ್ತು. ನಾನು ಇಡೀ ಪಾರ್ಕಿಗೆ ಕೇಳುವ ಹಾಗೆ "ಏ ಬೆನ್ ಹಂಟ್!" ಎಂದು ಕೂಗಿದೆ. ಎಲ್ಲರೂ ನಕ್ಕರು. ಮೂರು ತಿಂಗಳ ಹಿಂದೆ ರಗ್ಬಿ ಲೀಗ್‌ನ ಗ್ರ್ಯಾಂಡ್ ಫೈನಲ್‌ನಲ್ಲಿ ನಮ್ಮೂರ ತಂಡದ ಬೆನ್ ಹಂಟ್ ಚೆಂಡು ಕೈಬಿಟ್ಟಿದ್ದು ಎಲ್ಲರ ತಲೆಯಲ್ಲೂ ಇತ್ತು. ಊಟದ ಹೊತ್ತಿಗೆ ಆ ಹುಡುಗ ಕಾಣಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಾನೆ ಎಂದು ಅವನ ತಾಯಿ ಹೇಳಿದರು. ಆಮೇಲೆ ಯಾವ ಭಾನುವಾರವೂ ಅವನು ಆಟಕ್ಕೆ ಇಳಿಯಲಿಲ್ಲ. ಮುಂದೆ ಆ ಮನೆಯವರು ಅಡಿಲೇಡ್‌ಗೆ ಹೋದರು.

ಆ ಕೂಗು ನನ್ನನ್ನು ಇಷ್ಟು ವರ್ಷ ಬಿಟ್ಟಿಲ್ಲ. ಪ್ರತಿ ವರ್ಷ ಅಕ್ಟೋಬರ್‌ನ ಮೊದಲ ಭಾನುವಾರ ಬಂದಾಗ ನೆನಪಾಗುತ್ತದೆ. ಯಾಕೆಂದರೆ ಅದು ರಗ್ಬಿ ಲೀಗ್ ಫೈನಲ್‌ನ ಕಾಲ, ಮತ್ತು ಫೈನಲ್ ನೋಡುವ ಬಗ್ಗೆ ನಾನು ಯೋಚಿಸಲು ಶುರು ಮಾಡಿದ್ದೇ ಆ ಹುಡುಗನಿಂದ.

ನನಗೆ ಈ ಆಟದ ಹುಚ್ಚು ಹಿಡಿದಿದ್ದು ಕಬಡ್ಡಿಯಿಂದ. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಹೈಸ್ಕೂಲಿನಲ್ಲಿ ಕಬಡ್ಡಿ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಬ್ರಿಸ್ಬೇನ್‌ಗೆ ಬಂದ ಹೊಸದರಲ್ಲಿ ಟಿವಿಯಲ್ಲಿ ಲೀಗ್ ನೋಡಿದಾಗ, ಚೆಂಡು ಹಿಡಿದು ನುಗ್ಗುವವನು ಒಬ್ಬ ರೈಡರ್ ಹಾಗೇ ಕಂಡ. ಎದುರಿಗೆ ಸಾಲು ಕಟ್ಟಿ ನಿಂತ ಹದಿಮೂರು ಜನ. ಕಾಲಿಗೆ ಬೀಳುವವನೊಬ್ಬ, ಸೊಂಟ ಹಿಡಿಯುವವನೊಬ್ಬ. ಹೀಗೆ ಹಿಡಿದು ಕೆಡವುವುದೇ ಟ್ಯಾಕಲ್. ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ. ಅಷ್ಟು ಗೊತ್ತಾದರೆ ಸಾಕು, ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು 1895ರಲ್ಲಿ ಬೇರೆಯಾಗಿ ಈ ಲೀಗ್ ಕಟ್ಟಿದ್ದೇ, ಆಡಲು ಹೋಗಿ ಕೂಲಿ ಕಳೆದುಕೊಳ್ಳುವ ಆಟಗಾರರಿಗೆ ಆ ದುಡ್ಡು ಕೊಡಬೇಕು ಎನ್ನುವ ಜಗಳದಿಂದ. ದುಡಿಯುವವರ ಆಟ ಇದು. ಬೇಗ ನನ್ನದೂ ಆಯಿತು. ಬ್ರಿಸ್ಬೇನ್ ಬ್ರಾಂಕೋಸ್ ನನ್ನ ತಂಡ.

ಆ ರಾತ್ರಿ

2015ರ ಅಕ್ಟೋಬರ್ 4. ಸಿಡ್ನಿಯಲ್ಲಿ ಫೈನಲ್. ಎರಡೂ ತಂಡಗಳು ಕ್ವೀನ್ಸ್‌ಲ್ಯಾಂಡ್‌ನವು, ನಮ್ಮ ಬ್ರಾಂಕೋಸ್ ಮತ್ತು ಟೌನ್ಸ್‌ವಿಲ್‌ನ ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್. ಹಾಗೆ ಆಗಿದ್ದು ಅದೇ ಮೊದಲು. ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಹತ್ತು ಜನ ಇದ್ದೆವು. ಪಕ್ಕದ ಮನೆಯ ಅಜ್ಜನನ್ನೂ ಕರೆದಿದ್ದೆ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹುಟ್ಟಿನಿಂದ ಲೀಗ್ ನೋಡಿದವರು. ನನ್ನ ಹೆಂಡತಿ ಕೊಟ್ಟ ಮೆಣಸಿನಕಾಯಿ ಬಜ್ಜಿಯನ್ನು ತಟ್ಟೆಯಲ್ಲಿಟ್ಟುಕೊಂಡು, ತಿನ್ನುವುದನ್ನೇ ಮರೆತು ಕೂತಿದ್ದರು.

ಕೊನೆಯ ಕ್ಷಣದವರೆಗೆ ನಾವು 16-12ರಿಂದ ಮುಂದಿದ್ದೆವು. ಕೌಬಾಯ್ಸ್‌ಗೆ ಕೊನೆಯ ಟ್ಯಾಕಲ್. ಅವರ ಜಂಟಿ ನಾಯಕ ಜೊನಾಥನ್ ಥರ್ಸ್ಟನ್ ಹಿಡಿಯಲು ಬಂದವರಿಂದ ತಪ್ಪಿಸಿಕೊಂಡು, ಚೆಂಡನ್ನು ಮೈಕೆಲ್ ಮಾರ್ಗನ್‌ಗೆ ದಾಟಿಸಿದರು. ಮಾರ್ಗನ್ ನಮ್ಮವರನ್ನು ತನ್ನ ಕಡೆ ಎಳೆದುಕೊಂಡು, ಕೈ ತಿರುಗಿಸಿ ಹೊರಗಡೆ ಚಿಮ್ಮಿಸಿದರು. ಕೈಲ್ ಫೆಲ್ಟ್ ಮೂಲೆಯಲ್ಲಿ ಟ್ರೈ ಹೊಡೆದರು, ಅಂದರೆ ಚೆಂಡನ್ನು ನಮ್ಮ ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರು. ಸೈರನ್ ಕೂಗಿತು. 16-16. ಟ್ರೈ ಆದ ಮೇಲೆ ಚೆಂಡನ್ನು ಕಂಬಗಳ ನಡುವೆ ಒದೆಯುವ ಅವಕಾಶ ಸಿಗುತ್ತದೆ, ಅದೇ ಕನ್ವರ್ಷನ್. ಥರ್ಸ್ಟನ್ ಅದನ್ನು ಪಕ್ಕದ ಗೆರೆಯ ಹತ್ತಿರದಿಂದ ಒದ್ದರು. ಅದು ಹೋದರೆ ಅಲ್ಲಿಗೇ ಮುಗಿಯಿತು. ಚೆಂಡು ಕಂಬಕ್ಕೆ ಬಡಿದು ಹಿಂದೆ ಬಂತು. ನಮ್ಮ ಹಾಲಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ದೇವರೇ ಕಾಪಾಡಿದ ಅಂದುಕೊಂಡೆವು.

ಇನ್ನು ಗೋಲ್ಡನ್ ಪಾಯಿಂಟ್. ಯಾರು ಮೊದಲು ಅಂಕ ಗಳಿಸುತ್ತಾರೋ ಅವರದ್ದೇ ಕಪ್. ಥರ್ಸ್ಟನ್ ಕಿಕ್‌ಆಫ್ ಒದ್ದರು. ಚೆಂಡು ಎತ್ತರಕ್ಕೆ ಹೋಗಿ, ಕೆಳಗೆ ನಮ್ಮ ಹಾಫ್‌ಬ್ಯಾಕ್ ಬೆನ್ ಹಂಟ್ ಕಡೆಗೆ ಬಂತು. ಅವರು ಅದನ್ನು ಬಿಟ್ಟರು. ಕೆಲವು ಟ್ಯಾಕಲ್ ಆದ ಮೇಲೆ ಥರ್ಸ್ಟನ್ ಆಟದ ನಡುವೆಯೇ ಚೆಂಡನ್ನು ಕಂಬಗಳ ನಡುವೆ ಒದ್ದು ಫೀಲ್ಡ್ ಗೋಲ್ ಹೊಡೆದರು. 17-16. ಕೌಬಾಯ್ಸ್‌ಗೆ ಅವರ ಇತಿಹಾಸದ ಮೊದಲ ಕಪ್. ಟಿವಿಯವರ ಕ್ಯಾಮೆರಾ ಮತ್ತೆ ಮತ್ತೆ ಹಂಟ್ ಮುಖಕ್ಕೇ ಹೋಗುತ್ತಿತ್ತು. ಆಮೇಲೆ ಥರ್ಸ್ಟನ್ ಮೈದಾನದಲ್ಲಿ ತಮ್ಮ ಪುಟ್ಟ ಮಗಳ ಜೊತೆ ಕೂತಿದ್ದನ್ನು ತೋರಿಸಿದರು. ಅವಳ ಕೈಯಲ್ಲಿ ಕಪ್ಪು ಬಣ್ಣದ ಗೊಂಬೆಯೊಂದಿತ್ತು. ಎಷ್ಟು ಚೆನ್ನಾಗಿತ್ತು ಆ ನೋಟ! ಆ ರಾತ್ರಿ ಅದನ್ನು ನೋಡುವ ಮನಸ್ಸು ನನಗಿರಲಿಲ್ಲ.

ನಮ್ಮ ಹಾಲಿನಲ್ಲಿ ಎಲ್ಲರೂ ಹಂಟ್‌ನನ್ನು ಬೈಯುತ್ತಿದ್ದರು. ನಾನೇ ಎಲ್ಲರಿಗಿಂತ ಜೋರಾಗಿ ಬೈದೆ. ಅಜ್ಜ ತಟ್ಟೆ ಕೆಳಗಿಟ್ಟು ಎದ್ದರು. ಬಾಗಿಲ ಹತ್ತಿರ ಹೋಗಿ, "ಅವನು ಬಿಟ್ಟಿದ್ದು 80 ನಿಮಿಷ ಆದ ಮೇಲೆ. ಎರಡನೇ ಅರ್ಧದಲ್ಲಿ ನಾವು ಒಂದಾದರೂ ಟ್ರೈ ಹೊಡೆದೆವಾ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಹೊಡೆದಿರಲಿಲ್ಲ. ಆ 40 ನಿಮಿಷದಲ್ಲಿ ನಮಗೆ ಸಿಕ್ಕಿದ್ದು ಒಂದು ಪೆನಾಲ್ಟಿಯ 2 ಅಂಕ ಅಷ್ಟೆ. ಆ ಮಾತು ಅವತ್ತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಇಳಿದಿದ್ದರೆ ಜನವರಿಯಲ್ಲಿ ಪಾರ್ಕಿನಲ್ಲಿ ನಾನು ಹಾಗೆ ಕೂಗುತ್ತಿರಲಿಲ್ಲ.

ಚಿತ್ರ ಸಿಕ್ಕ ಸೋಲು, ಚಿತ್ರ ಸಿಗದ ಸೋಲು

2023ರಲ್ಲಿ ನಾವು ಮತ್ತೆ ಫೈನಲ್‌ಗೆ ಹೋದೆವು. ಎದುರಿಗೆ ಪೆನ್ರಿತ್ ಪ್ಯಾಂಥರ್ಸ್, ಹಿಂದಿನ ಎರಡು ವರ್ಷವೂ ಕಪ್ ಗೆದ್ದಿದ್ದವರು. ಎರಡನೇ ಅರ್ಧದಲ್ಲಿ ನಮ್ಮ ಎಜ್ರಾ ಮ್ಯಾಮ್ ಒಂದಾದ ಮೇಲೆ ಒಂದರಂತೆ ಮೂರು ಟ್ರೈ ಹೊಡೆದರು. 24-8. ಸುಮಾರು 20 ನಿಮಿಷ ಮಾತ್ರ ಬಾಕಿ. ನಾನು ಸೋಫಾದ ಮೇಲೆ ನಿಂತುಬಿಟ್ಟಿದ್ದೆ. ಆಮೇಲೆ ಪೆನ್ರಿತ್‌ನ ನೇಥನ್ ಕ್ಲಿಯರಿ ಒಬ್ಬರೇ ಪಂದ್ಯವನ್ನು ಎಳೆದುಕೊಂಡು ಹೋದರು. ಕಿಕ್, ಪಾಸ್, ಕೊನೆಗೆ ಅವರದೇ ಟ್ರೈ, ಅವರದೇ ಕನ್ವರ್ಷನ್. 26-24. ಗೆದ್ದೇಬಿಟ್ಟೆವು ಅಂದುಕೊಂಡಿದ್ದ ಫೈನಲ್ ಕೈತಪ್ಪಿತು.

ಈಗ ನೋಡಿ, ಲೆಕ್ಕದಲ್ಲಿ ಇದು 2015ಕ್ಕಿಂತ ದೊಡ್ಡ ಸೋಲು. 16 ಅಂಕದ ಮುನ್ನಡೆ ಹೋಯಿತು. ಆದರೆ ಈ ಸೋಲಿಗೆ ಒಬ್ಬನ ಹೆಸರಿಲ್ಲ. "ಏ ಇಂಥವನೇ" ಎಂದು ಯಾವ ಮಗುವನ್ನೂ ಯಾರೂ ಕರೆಯುವುದಿಲ್ಲ. ಯಾಕೆ? ಆ 20 ನಿಮಿಷದಲ್ಲಿ ನಮ್ಮವರು ಮಾಡಿದ ತಪ್ಪುಗಳು ಸಣ್ಣ ಸಣ್ಣವು. ಒಂದು ಟ್ಯಾಕಲ್‌ಗೆ ಅರ್ಧ ಹೆಜ್ಜೆ ತಡ. ಒಂದು ಕಡೆ ಸಾಲು ತುಸು ಒಳಗೆ ಸರಿದಿತ್ತು. ಅಂಥವನ್ನು ಒಂದು ಫೋಟೋದಲ್ಲಿ ಹಿಡಿಯಲು ಆಗುವುದಿಲ್ಲ. 2015ರದ್ದಕ್ಕೆ ಒಂದೇ ಚಿತ್ರ ಸಾಕು: ಮೇಲೆ ಚೆಂಡು, ಕೆಳಗೆ ಒಬ್ಬ ಮನುಷ್ಯ, ಖಾಲಿ ಕೈ. ಚಿತ್ರ ಇರುವ ಸೋಲಿನ ಭಾರವನ್ನೆಲ್ಲ ನಾವು ಒಬ್ಬನ ತಲೆಗೆ ಕಟ್ಟುತ್ತೇವೆ. ಚಿತ್ರ ಇಲ್ಲದ ಸೋಲನ್ನು "ಆಟದಲ್ಲಿ ಇದೆಲ್ಲ ಇದ್ದದ್ದೇ" ಎಂದು ಮರೆಯುತ್ತೇವೆ.

ನಮ್ಮ ಆರ್‌ಸಿಬಿಯವರಿಗೂ ಇದು ಗೊತ್ತಿರಬೇಕು, ಅಲ್ವಾ? ಚಿನ್ನಸ್ವಾಮಿಯಲ್ಲಿ ನಡೆದ 2016ರ ಫೈನಲ್ ಎಂದರೆ ಎಲ್ಲರ ಬಾಯಲ್ಲೂ ಶೇನ್ ವಾಟ್ಸನ್ ಹಾಕಿದ ಕೊನೆಯ ಓವರ್, ಅದರಲ್ಲಿ ಹೋದ 24 ರನ್. ನಾವು ಸೋತಿದ್ದು 8 ರನ್‌ನಿಂದ. ಆದರೆ ಚೇಸ್ ಮಾಡುವಾಗ ಹತ್ತು ಓವರ್ ದಾಟಿದಾಗ ವಿಕೆಟ್ ಇಲ್ಲದೆ 114 ಆಗಿತ್ತು. ಅಲ್ಲಿಂದ ಹೇಗೆ ಸೋತೆವು ಎನ್ನುವುದಕ್ಕೆ ಒಂದು ಚಿತ್ರ ಇಲ್ಲ. ಹಾಗಾಗಿ ಅದನ್ನು ಯಾರೂ ಹೇಳುವುದಿಲ್ಲ. ವಾಟ್ಸನ್ ನಮ್ಮ ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನವರು. ಅವರ ಊರಿನ ಮೇಲೆ ಹಾದುಹೋಗುವಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಈ ವಿಷಯದಲ್ಲಿ ನಾನು ಹುಡುಕಿ ಹುಡುಕಿ ಓದಿದ್ದು ಡಾನ್ ಫಾಕ್ಸ್ ಬಗ್ಗೆ. 1968ರ ಮೇ 11, ಲಂಡನ್‌ನ ವೆಂಬ್ಲಿಯಲ್ಲಿ ಇಂಗ್ಲೆಂಡಿನ ರಗ್ಬಿ ಲೀಗ್‌ನ ಚಾಲೆಂಜ್ ಕಪ್ ಫೈನಲ್. ಲೀಡ್ಸ್ ಮತ್ತು ವೇಕ್‌ಫೀಲ್ಡ್ ಟ್ರಿನಿಟಿ. ಮಳೆ ಎಷ್ಟು ಸುರಿದಿತ್ತೆಂದರೆ ಮೈದಾನದಲ್ಲಿ ನೀರು ನಿಂತಿತ್ತು. ಆಟಗಾರರು ಜಾರಿಕೊಂಡು ಹೋದರೆ ಎರಡೂ ಕಡೆ ನೀರು ಎರಚುತ್ತಿತ್ತು. ಯಾರ್ಕ್‌ಶೈರ್‌ನ ಗಣಿ ಊರಿನಿಂದ ಬಂದ ಫಾಕ್ಸ್ ವೇಕ್‌ಫೀಲ್ಡ್ ಪರ ಆ ಕೆಸರಿನಲ್ಲೇ ಅದ್ಭುತವಾಗಿ ಆಡಿದರು. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಲ್ಯಾನ್ಸ್ ಟಾಡ್ ಟ್ರೋಫಿ ಅವರಿಗೇ ಎಂದು ಪಂದ್ಯ ಮುಗಿಯುವ ಮೊದಲೇ ತೀರ್ಮಾನವಾಗಿತ್ತು. ಕೊನೆಯ ಗಳಿಗೆಯಲ್ಲಿ ವೇಕ್‌ಫೀಲ್ಡ್ ಟ್ರೈ ಹೊಡೆಯಿತು. 11-10, ಲೀಡ್ಸ್ ಇನ್ನೂ ಮುಂದೆ. ಒಂದು ಕನ್ವರ್ಷನ್ ಹೋದರೆ ಕಪ್. ಕಂಬಗಳು ಸರಿಯಾಗಿ ಎದುರಿಗೇ ಇದ್ದವು. ಸಾಮಾನ್ಯವಾಗಿ ಆ ತಂಡಕ್ಕೆ ಕಿಕ್ ಒದೆಯುತ್ತಿದ್ದವರು ಅವರ ತಮ್ಮ ನೀಲ್ ಫಾಕ್ಸ್. ಗಾಯವಾಗಿದ್ದರಿಂದ ಅವರು ಆ ದಿನ ಆಡುತ್ತಿರಲಿಲ್ಲ. ಡಾನ್ ಒದ್ದರು. ಚೆಂಡು ಪಕ್ಕಕ್ಕೆ ಹೋಯಿತು. ಅವರು ನೆಲಕ್ಕೆ ಕುಸಿದರು. ಶ್ರೇಷ್ಠ ಆಟಗಾರ ಮತ್ತು ಪಂದ್ಯ ಕಳೆದವನು, ಇಬ್ಬರೂ ಒಬ್ಬರೇ, ಒಂದೇ ಮಧ್ಯಾಹ್ನ. ಟ್ರೋಫಿ ಯಾರಿಗೆ ಸಿಕ್ಕಿತು ಎಂದು ಇವತ್ತು ಎಷ್ಟು ಜನಕ್ಕೆ ನೆನಪಿದೆ? ಆ ಕಿಕ್ ಮಾತ್ರ ಎಲ್ಲರಿಗೂ ನೆನಪಿದೆ.

ಒಂದು ನಿಯಮದ ಮಾತು

ಗೋಲ್ಡನ್ ಪಾಯಿಂಟ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಸಾಮಾನ್ಯ ಪಂದ್ಯಗಳಿಗೆ ಅದು ಇರಲಿ, ಮಜವಾಗಿರುತ್ತದೆ. ಫೈನಲ್‌ಗೆ ಬೇಡ. 80 ನಿಮಿಷದಲ್ಲಿ ತೀರ್ಮಾನವಾಗದ ಇಡೀ ವರ್ಷದ ದುಡಿಮೆಯನ್ನು ಮೊದಲ ಕೈಜಾರಿಗೆ ಒಪ್ಪಿಸುವುದು ಸರಿಯಲ್ಲ. ಹಿಂದೆ ಸಿಡ್ನಿಯಲ್ಲಿ ಫೈನಲ್ ಸಮವಾದರೆ ಇನ್ನೊಂದು ದಿನ ಮತ್ತೆ ಆಡಿಸುತ್ತಿದ್ದರು. 1977ರಲ್ಲಿ ಸೇಂಟ್ ಜಾರ್ಜ್ ಮತ್ತು ಪ್ಯಾರಮ್ಯಾಟಾ 9-9. ಮರುವಾರ ಆಡಿದಾಗ ಸೇಂಟ್ ಜಾರ್ಜ್ 22-0. ಮುಂದಿನ ವರ್ಷ ಮ್ಯಾನ್ಲಿ ಮತ್ತು ಕ್ರೊನುಲ್ಲಾ 11-11. ಮತ್ತೆ ಆಡಿದಾಗ ಮ್ಯಾನ್ಲಿ 16-0. ಎರಡನೇ ಸಲ ಆಡಿದಾಗ ಯಾರು ಬಲಶಾಲಿ ಎಂದು ಅನುಮಾನವೇ ಉಳಿಯಲಿಲ್ಲ. ಸೋತವರಲ್ಲೂ ಯಾರೊಬ್ಬನ ಮೇಲೂ ಬೆರಳು ಹೋಗಲಿಲ್ಲ.

2015ರ ನಂತರ ಈ ಲೀಗ್ ನಡೆಸುವ ಎನ್‌ಆರ್‌ಎಲ್‌ನವರಿಗೂ ಇದು ಅನ್ನಿಸಿರಬೇಕು. ಮರುವರ್ಷದಿಂದ ಫೈನಲ್ಸ್, ಅಂದರೆ ಗ್ರ್ಯಾಂಡ್ ಫೈನಲ್‌ವರೆಗಿನ ಕೊನೆಯ ಹಂತದ ಪಂದ್ಯಗಳು ಸಮವಾದರೆ ಮೊದಲು ಐದೈದು ನಿಮಿಷದ ಹೆಚ್ಚುವರಿ ಆಟವನ್ನು ಪೂರ್ತಿ ಆಡಬೇಕು. ಆಗಲೂ ಸಮವಿದ್ದರೆ ಮಾತ್ರ ಗೋಲ್ಡನ್ ಪಾಯಿಂಟ್. ಒಳ್ಳೆಯ ಬದಲಾವಣೆ. ಒಬ್ಬ ಚೆಂಡು ಬಿಟ್ಟರೆ ಜೊತೆಯವರಿಗೆ ಅದನ್ನು ಸರಿಮಾಡಲು ಸಮಯ ಸಿಗುತ್ತದೆ. ಹಂಟ್‌ಗೆ ಆ ಹತ್ತು ನಿಮಿಷ ಸಿಗಲಿಲ್ಲ.

ಸನ್‌ಕಾರ್ಪ್‌ನಲ್ಲಿ ಕೂತು

2021ರಲ್ಲಿ ಕೋವಿಡ್ ಕಾರಣದಿಂದ ಗ್ರ್ಯಾಂಡ್ ಫೈನಲ್ ಸಿಡ್ನಿ ಬಿಟ್ಟು ನಮ್ಮೂರಿಗೆ ಬಂತು. ಸನ್‌ಕಾರ್ಪ್ ಸ್ಟೇಡಿಯಂನಲ್ಲಿ ಪೆನ್ರಿತ್ ಮತ್ತು ಸೌತ್ ಸಿಡ್ನಿ. ನಮ್ಮ ತಂಡ ಇರಲಿಲ್ಲ, ಆದರೂ ಟಿಕೆಟ್ ತೆಗೆದುಕೊಂಡೆ. ಮಾಸ್ಕ್ ಹಾಕಿಕೊಂಡು ಒಬ್ಬನೇ ಹೋದೆ. ಮೊದಲ ಬಾರಿ ಫೈನಲ್ ಅನ್ನು ಕಣ್ಣಾರೆ ನೋಡಿದ್ದು. ಟಿವಿಯಲ್ಲಿ ಚೆಂಡಿನ ಹಿಂದೆಯೇ ಹೋಗುತ್ತೇವೆ. ಸ್ಟೇಡಿಯಂನಲ್ಲಿ ಚೆಂಡಿಲ್ಲದವರು ಕಾಣುತ್ತಾರೆ. ಟ್ಯಾಕಲ್ ಮಾಡಿ ಎದ್ದು, ಹತ್ತು ಮೀಟರ್ ಹಿಂದೆ ಓಡಿ, ಸಾಲಿಗೆ ಸೇರಿ, ಮತ್ತೆ ಮುಂದೆ ನುಗ್ಗುವವರು. 60 ನಿಮಿಷ ಆದ ಮೇಲೆ ಅವರ ಓಟ ಹೇಗೆ ಬದಲಾಗುತ್ತದೆ ಎಂದು ಅಲ್ಲಿ ಕೂತರೆ ಮಾತ್ರ ಗೊತ್ತಾಗುತ್ತದೆ. ಮೊಣಕಾಲಿನ ಮೇಲೆ ಕೈಯಿಟ್ಟು ನಿಂತವರನ್ನು ನೋಡುತ್ತಾ ನನಗೆ ಅಜ್ಜನ ಪ್ರಶ್ನೆ ನೆನಪಾಯಿತು. ಆ ಸುಸ್ತಿನಲ್ಲಿ ಆಕಾಶದಿಂದ ಬರುವ ಚೆಂಡನ್ನು ಹಿಡಿಯುವುದು ಎಂದರೇನು ಎಂದು ಆಗ ಅರ್ಥವಾಯಿತು. ಆರು ವರ್ಷ ತಡವಾಗಿ.

ಆ ಪಂದ್ಯದ ಕೊನೆಗೆ ಸೌತ್ ಒಂದು ಟ್ರೈ ಹೊಡೆದು 14-12 ಮಾಡಿತು. ಅವರ ನಾಯಕ ಆ್ಯಡಮ್ ರೆನಾಲ್ಡ್ಸ್ ಪಕ್ಕದ ಗೆರೆಯಿಂದ ಕನ್ವರ್ಷನ್ ಒದೆಯಲು ಬಂದರು. ಆ ಕಾಲದ ಒಳ್ಳೆಯ ಕಿಕ್ಕರ್‌ಗಳಲ್ಲಿ ಒಬ್ಬರು. ಆ ಕ್ಲಬ್ಬಿಗಾಗಿ ಅವರ ಕೊನೆಯ ಪಂದ್ಯ ಅದು. ಇಡೀ ಸ್ಟೇಡಿಯಂ ಉಸಿರು ಹಿಡಿದಿತ್ತು. ಚೆಂಡು ಕಂಬದ ಹೊರಗೆ ಹೋಯಿತು. ನನ್ನ ಮುಂದಿನ ಸಾಲಿನಲ್ಲಿ ಸೌತ್ ಜೆರ್ಸಿ ತೊಟ್ಟ ತಂದೆಯೊಬ್ಬ ತನ್ನ ಮಗನಿಗೆ, "ಅವನಿಲ್ಲದಿದ್ದರೆ ನಾವು ಇಲ್ಲಿಗೆ ಬರುತ್ತಲೇ ಇರಲಿಲ್ಲ" ಎಂದು ಹೇಳುತ್ತಿದ್ದ. ಹುಡುಗ ಅಳುತ್ತಿದ್ದ. ಆ ತಂದೆಯನ್ನು ನೋಡಿ ನನ್ನ ಗಂಟಲು ಕಟ್ಟಿತು. ಪಾರ್ಕಿನಲ್ಲಿ ನಾನು ಹೇಳಬೇಕಿದ್ದ ಮಾತಿನ ಹಾಗಿತ್ತು ಅದು. ಮುಂದಿನ ವರ್ಷ ರೆನಾಲ್ಡ್ಸ್ ನಮ್ಮ ಬ್ರಾಂಕೋಸ್‌ಗೆ ಬಂದರು, ನಾಯಕರೂ ಆದರು.

ಹಂಟ್ 2018ರಲ್ಲಿ ಸೇಂಟ್ ಜಾರ್ಜ್ ಇಲವಾರಾ ತಂಡಕ್ಕೆ ಹೋಗಿದ್ದರು. ಅಲ್ಲೂ ಆ ಚೆಂಡು ಅವರ ಹಿಂದೆಯೇ ಹೋಯಿತು. ಏನು ಚೆನ್ನಾಗಿ ಆಡಿದರೂ ಯಾರಾದರೂ 2015 ಎಂದು ತೆಗೆಯುತ್ತಿದ್ದರು. 2022ರ ಜುಲೈನಲ್ಲಿ, ಇದೇ ಸನ್‌ಕಾರ್ಪ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಸ್ಟೇಟ್ ಆಫ್ ಒರಿಜಿನ್ ಸರಣಿಯ ನಿರ್ಣಾಯಕ ಪಂದ್ಯ. ಕೊನೆಯ ನಿಮಿಷಗಳಲ್ಲಿ ನ್ಯೂ ಸೌತ್ ವೇಲ್ಸ್‌ನ ಕ್ಲಿಯರಿ ಒದ್ದ ಚೆಂಡನ್ನು ಹಂಟ್ ಹಿಡಿದು, ಅಲ್ಲಿಂದ ಒಬ್ಬರೇ ಓಡಿಹೋಗಿ ಟ್ರೈ ಹೊಡೆದರು. 22-12. ಸರಣಿ ಕ್ವೀನ್ಸ್‌ಲ್ಯಾಂಡ್‌ಗೆ. ಅವರು ಓಡುತ್ತಿದ್ದಾಗ ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ. "ಏನಾಯ್ತು ರೀ?" ಎಂದು ಹೆಂಡತಿ ಓಡಿ ಬಂದಳು. ಹಿಡಿದ ಅಂದೆ. ಅವನು ಹಿಡಿದ.

2025

ಕಳೆದ ವರ್ಷಗಳ ಗಾಯಗಳನ್ನೆಲ್ಲ ಹೊತ್ತುಕೊಂಡೇ ಈ ತಂಡ ಬಂತು. ಹಂಟ್ 35ನೇ ವಯಸ್ಸಿನಲ್ಲಿ ವಾಪಸ್ ಬ್ರಾಂಕೋಸ್‌ಗೆ ಬಂದಿದ್ದರು. ಫೈನಲ್ಸ್‌ನ ಮೊದಲ ವಾರ ಕ್ಯಾನ್‌ಬೆರಾದಲ್ಲಿ ಪಂದ್ಯ 28-28ಕ್ಕೆ ನಿಂತಿತು. 90 ನಿಮಿಷ ದಾಟಿ ಗೋಲ್ಡನ್ ಪಾಯಿಂಟ್‌ಗೆ ಹೋಯಿತು. ಅಲ್ಲಿ ಗೆಲುವಿನ ಫೀಲ್ಡ್ ಗೋಲ್ ಒದ್ದವರು ಹಂಟ್. ಹತ್ತು ವರ್ಷದ ಹಿಂದೆ ಅವರನ್ನು ಕೆಡವಿದ ಅದೇ ಗೋಲ್ಡನ್ ಪಾಯಿಂಟ್.

ಅಕ್ಟೋಬರ್ 5ರ ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ ಸ್ಟಾರ್ಮ್ ಅರ್ಧ ಪಂದ್ಯಕ್ಕೆ 22-12ರಿಂದ ಮುಂದಿತ್ತು. ಆಮೇಲೆ ಅವರಿಗೆ ಒಂದು ಅಂಕವೂ ಸಿಗಲಿಲ್ಲ. ನಾವು 26-22ರಿಂದ ಗೆದ್ದೆವು, 2006ರ ನಂತರದ ಮೊದಲ ಕಪ್. ಪಂದ್ಯದ ಶ್ರೇಷ್ಠ ಆಟಗಾರ ರೀಸ್ ವಾಲ್ಶ್, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಕಣ್ಣು ಹುಡುಕಿದ್ದು ಇಬ್ಬರನ್ನು, ಹಂಟ್ ಮತ್ತು ರೆನಾಲ್ಡ್ಸ್. ಫೈನಲ್‌ನಲ್ಲಿ ಚೆಂಡು ಬಿಟ್ಟವನು, ಫೈನಲ್‌ನಲ್ಲಿ ಕಿಕ್ ತಪ್ಪಿದವನು. ಅವರ ಕೈಗೆ ಬಂದ ಆ ಟ್ರೋಫಿಯ ಮೇಲೆ ಇಬ್ಬರು ಆಟಗಾರರ ಮೂರ್ತಿ ಇದೆ. 1963ರ ಫೈನಲ್ ಮುಗಿದ ಮೇಲೆ ಮೈಯೆಲ್ಲ ಕೆಸರಾಗಿ ತಬ್ಬಿಕೊಂಡ ನಾರ್ಮ್ ಪ್ರೊವನ್ ಮತ್ತು ಆರ್ಥರ್ ಸಮನ್ಸ್. ಪ್ರೊವನ್ ಗೆದ್ದವರು, ಸಮನ್ಸ್ ಸೋತವರು. ಪ್ರತಿ ವರ್ಷ ಗೆದ್ದ ತಂಡ ತಲೆಯ ಮೇಲೆ ಎತ್ತಿ ಹಿಡಿಯುವ ಕಪ್‌ನಲ್ಲಿ ಸೋತವನೊಬ್ಬ ಗೆದ್ದವನಷ್ಟೇ ಜಾಗ ಪಡೆದು ನಿಂತಿದ್ದಾನೆ. ಇಷ್ಟು ವರ್ಷ ಆ ಟ್ರೋಫಿ ನೋಡಿದ್ದೆ. ಅವತ್ತು ಮೊದಲ ಸಲ ಸಮನ್ಸ್ ಕಡೆಗೆ ನೋಡಿದೆ.

ಪಕ್ಕದ ಮನೆಯ ಅಜ್ಜ ಈಗ ಇಲ್ಲ. ಹೇಳಿಕೊಳ್ಳಲು ಬೇರೆ ಯಾರೂ ಹೊಳೆಯಲಿಲ್ಲ. ಅಡಿಲೇಡ್‌ನ ಗೆಳೆಯರಿಗೆ ಮೆಸೇಜ್ ಮಾಡಿ ಅವರ ಮಗನ ನಂಬರ್ ತೆಗೆದುಕೊಂಡೆ. ಈಗ ಇಪ್ಪತ್ತು ವರ್ಷ, ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಮರುದಿನ ಸಂಜೆ ಫೋನ್ ಮಾಡಿದೆ. ಯಾರು ಎಂದು ಹೇಳಿದೆ. ಆ ಪಾರ್ಕಿನ ದಿನ ನಿನಗೆ ನೆನಪಿದೆಯೋ ಇಲ್ಲವೋ, ನಾನು ಹಾಗೆ ಕೂಗಬಾರದಿತ್ತು, ತಪ್ಪಾಯಿತು ಎಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿರಲಿಲ್ಲ.

"ನೆನಪಿದೆ ಅಂಕಲ್," ಎಂದ. "ಅವತ್ತು ಬಿಸಿಲು ನೇರ ಕಣ್ಣಿಗೆ ಹೊಡೀತಿತ್ತು. ನಂಗೆ ಬಾಲ್ ಕಾಣಿಸ್ಲೇ ಇಲ್ಲ."

ನಾನು ಅದನ್ನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಆಮೇಲೆ ಅವನೇ ಮಾತು ಬದಲಿಸಿದ. ಫೈನಲ್ ನೋಡಲು ಆಗಲಿಲ್ಲವಂತೆ, ಕೆಲಸವಿತ್ತಂತೆ. ಹೇಗಿತ್ತು ಎಂದು ಕೇಳಿದ. ಕೊನೆಯದನ್ನು ಮಾತ್ರ ಹೇಳಲಾ, ಮೊದಲ ನಿಮಿಷದಿಂದ ಹೇಳಲಾ ಎಂದೆ.

"ಮೊದಲಿಂದ ಹೇಳಿ ಅಂಕಲ್, ಟೈಮಿದೆ," ಎಂದ.